ಬೆಳಿಗ್ಗೆ ಐದರ ಬಿಸಿನೀರು

ಮಳಖೇಡ,
೧೮ ಜನವರಿ ೨೦೨೬, ಭಾನುವಾರ

ಪ್ರೀತಿಯ ಬಸ್ಸಮ್ಮಾ,

ಮದುವೆಯಾಗಿ ಇಪ್ಪತ್ತೆಂಟು ವರ್ಷವಾದ ಮೇಲೆ ನಿನಗೆ ಬರೆಯುತ್ತಿರುವ ಮೊದಲನೆಯ ಕಾಗದ ಇದು, ನಗಬೇಡ. ಆರೋಗ್ಯವಾಗಿದ್ದೀಯಾ? ಬೆರಳುಗಳ ಬಾವು ಹೇಗಿದೆ? ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಲು ಬರುತ್ತದೆಯೇ? ಸೇಡಂನ ಡಾಕ್ಟರ್ ನಾಗರತ್ನಾ ಕೊಟ್ಟ ಗುಳಿಗೆ ಮುಗಿದಿರಬೇಕು. ನಮ್ಮ ಬಾಣಂತಿ ಸುಶ್ಮಿತಾ ಹೊಟ್ಟೆತುಂಬ ಉಣ್ಣುತ್ತಾಳೋ, ಅಲ್ಲೂ ಮೊಬೈಲು ನೋಡುತ್ತಲೇ ತಟ್ಟೆ ತಣ್ಣಗೆ ಮಾಡುತ್ತಾಳೋ? ಕೂಸಿನ ಕಿವಿ ನನ್ನ ಕಿವಿಯಂತೆ ಅಗಲವಾಗಿದೆ ಎಂದು ಆಸ್ಪತ್ರೆಯಲ್ಲಿ ನೋಡಿದಾಗ ಅಂದುಕೊಂಡಿದ್ದೆ. ಐದು ವಾರದಲ್ಲಿ ಸುಧಾರಿಸಿದೆಯೇನು? ಇವನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನು ಮಾಡಿದರೆ ಚಿಂಚೋಳಿಯ ನಮ್ಮ ಬೀಗರು ಸ್ಪೀಕರ್ ಹಾಕಿ ಮನೆಮಂದಿಯನ್ನೆಲ್ಲ ಸುತ್ತ ಕೂಡಿಸುತ್ತಾರೆ, ನೀನು "ಹೂಂ, ಆರಾಮ ಇದೀವ್ರಿ" ಎಂದು ಮುಗಿಸಿಬಿಡುತ್ತೀ. ನನಗೆ ಹೇಳುವುದಿರುವುದು ಅಷ್ಟು ಜನರ ನಡುವೆ ಹೇಳುವಂಥದ್ದಲ್ಲ. ಕೇಳುವುದೂ ಒಂದಿದೆ: ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಮನೆಗೆ ಬರುತ್ತೀಯಾ? ಮೊದಲು ಪೂರ್ತಿ ಓದು, ಆಮೇಲೆ ಉತ್ತರ ಹೇಳು.

ನೀನು ಹೊರಟ ದಿನವನ್ನು ನಾನು ದಿನಕ್ಕೆ ನಾಲ್ಕು ಸಲ ನೆನೆಯುತ್ತೇನೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಬಾಣಂತನ ತವರಿನ ಹಕ್ಕು. ಆದರೂ "ಡಾಕ್ಟರು ಸುಶ್ಮಿತಾಗ ಬಸ್ಸಿನ್ಯಾಗ ಬರಬ್ಯಾಡ ಅಂದಾರಂತ್ರಿ, ನಾನೇ ಹೋಗಿ ಇರ್ತೀನಿ" ಎಂದು ನೀನು ಹೇಳಿದಾಗ ನಾನು ಒಂದು ಪ್ರಶ್ನೆಯನ್ನೂ ಕೇಳದೆ ನಂಬಿದೆ. ಅಟ್ಟದ ಮೇಲಿದ್ದ ನಿನ್ನ ತವರಿನ ತಾಮ್ರದ ಹಂಡೆಯನ್ನು ಇಳಿಸಿಕೊಟ್ಟವನು ನಾನು. ಹೆಗಲ ಮೇಲೆ ಹೊತ್ತು ಬಸ್ಸಿಗೆ ಏರಿಸಿದವನೂ ನಾನೇ. "ಚಿಂಚೋಳ್ಯಾಗ ನೀರ ಕಾಸಲಿಕ್ಕ ಒಂದು ಭಾಂಡೆ ಸಿಗಂಗಿಲ್ಲೇನ?" ಎಂದು ಕಂಡಕ್ಟರನ ಎದುರು ನಗೆಯಾಡಿದೆ. ಕಂಡಕ್ಟರ್ ನಕ್ಕ. ನೀನು ಹಂಡೆಯನ್ನು ಕಾಲ ಬಳಿ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದೆ. ನಿಜವಾದ ಕಾರಣ ಹೋದ ವಾರ ಸುಶ್ಮಿತಾಳ ಬಾಯಿಂದ ಬಂತು. ಎಂದು ಬರುತ್ತೀರಿ ಎಂದು ಕೇಳಿದ್ದಕ್ಕೆ ಅವಳು ಸಿಟ್ಟಿನಿಂದಲೇ ಹೇಳಿದಳು: "ಅಪ್ಪಾ, ನಿನ್ನ ಮನ್ಯಾಗ ಹತ್ತು ಗಂಟೆತನ ನೀರ ಕಾಯಂಗಿಲ್ಲ. ಬೆಳಗಿನ ಥಂಡ್ಯಾಗ ಕೂಸಿಗೆ ಎರಿಲಿಕ್ಕ ಬಿಸಿಲು ಬರೋದು ಕಾಯ್ಕೋತ ಕುಂದ್ರಬೇಕೇನ?" ಡಾಕ್ಟರು ಬಸ್ಸಿನ ಸುದ್ದಿಯನ್ನೇ ಎತ್ತಿರಲಿಲ್ಲವಂತೆ. ನನ್ನ ಮರ್ಯಾದೆ ಉಳಿಸಲು ನೀನು ಕಟ್ಟಿದ ಸುಳ್ಳು ಅದು.

ಎರಡು ವರ್ಷದ ಹಿಂದೆ ಮನೆಯ ಮೇಲೆ ಸೋಲಾರ್ ಹಾಕಿಸಿದಾಗ ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ, ಅದು ನಿನಗೆ ಗೊತ್ತು. ಸಿಮೆಂಟು ಫ್ಯಾಕ್ಟರಿಯ ಎಲೆಕ್ಟ್ರಿಕಲ್ ಸೆಕ್ಷನ್ನಿನಲ್ಲಿ ಮೂವತ್ತು ವರ್ಷ ಸವೆಸಿದವನ ಮನೆ ಸ್ವಂತ ಕರೆಂಟಿನಲ್ಲೇ ನಡೆಯಬೇಕೆಂಬ ಹಟ. ಫ್ಯಾನು, ಲೈಟು, ಟಿವಿ ಎಲ್ಲ ಹೊಂದಿದವು. ಉಳಿದದ್ದು ಸ್ನಾನದ ನೀರು. ಪಕ್ಕದ ಮನೆ ಅಮೃತಪ್ಪನ ಹಾಗೆ ಮಾಳಿಗೆಯ ಮೇಲೆ ಗಾಜಿನ ಕೊಳವೆಯ ಹೀಟರ್ ಬೇಡವೆಂದೆ. ನಮ್ಮ ಬೋರಿನ ನೀರಿನಲ್ಲಿರುವ ಸುಣ್ಣ ಅವನ ಕೊಳವೆಗಳನ್ನು ಎರಡೇ ವರ್ಷದಲ್ಲಿ ಕಟ್ಟಿಹಾಕಿತ್ತು, ಆ ಮಾತಿನಲ್ಲಿ ನಾನು ಸರಿ. ನನ್ನ ಜೊತೆ ಕೆಲಸ ಮಾಡುವ ಅಬ್ದುಲ್ ಕರೀಮನ ಮಗಳು ಫರಹತ, ಸೇಡಂನಲ್ಲಿ ಸೋಲಾರ್ ಅಂಗಡಿ ಇಟ್ಟವಳು, ಇನ್ನೊಂದು ದಾರಿ ತೋರಿಸಿದ್ದಳು. ಹೀಟ್ ಪಂಪ್ ಎನ್ನುತ್ತಾರೆ. ಫ್ರಿಜ್ಜಿನ ಹಿಂಬದಿ ಬೆಚ್ಚಗಿರುತ್ತದಲ್ಲ, ಅದೇ ವಿದ್ಯೆ. ಗಾಳಿಯೊಳಗಿನ ಶಾಖವನ್ನು ಎಳೆದು ನೀರಿಗೆ ಕೊಡುತ್ತದೆ. ಗೀಸರ್ ಮೂರು ಯೂನಿಟ್ ತಿನ್ನುವ ಕಡೆ ಇದಕ್ಕೆ ಒಂದು ಸಾಕು. ಮಧ್ಯಾಹ್ನದ ಬಿಸಿಲಿನ ಕರೆಂಟಿನಲ್ಲಿ ಕಾಯಿಸಿಟ್ಟರೆ ಅದರ ದಪ್ಪ ಹೊದಿಕೆಯ ಟ್ಯಾಂಕಿನಲ್ಲಿ ಮರುದಿನ ಬೆಳಗಿನವರೆಗೆ ನೀರು ಬಿಸಿಯಾಗಿಯೇ ಇರುತ್ತದೆ. ನಾನು ಕೇಳಬೇಕಲ್ಲ! ಮೊನ್ನೆ ಮೊನ್ನೆ ಕಾಲೇಜು ಮುಗಿಸಿದ ಹುಡುಗಿ ನನಗೆ ಕರೆಂಟು ಕಲಿಸುವುದೇ ಎಂದು ಸಾದಾ ಗೀಸರ್ ತಂದು, ಹತ್ತರಿಂದ ಮೂರರವರೆಗೆ ಮಾತ್ರ ನಡೆಯುವಂತೆ ಟೈಮರ್ ಕೂಡಿಸಿದೆ. ಅದರ ಸಣ್ಣ ಟ್ಯಾಂಕಿನ ನೀರು ರಾತ್ರಿಗೇ ಆರಿಹೋಗುತ್ತದೆ. ಬಿಸಿಲಿದ್ದಾಗ ನೀರು, ಬಿಸಿಲಿಲ್ಲದಾಗ ನಿಯಮ. ಬೆಳಗಿನ ಹೊತ್ತು ಅದನ್ನು ಹಚ್ಚಿದರೆ ಬ್ಯಾಟರಿ ಬಸವಳಿಯುತ್ತದೆಂದು ಬಚ್ಚಲ ಗೋಡೆಗೆ ಚೀಟಿಯನ್ನೂ ಅಂಟಿಸಿದೆ. ಲೈನಿನ ಕರೆಂಟಿನಲ್ಲಿ ನೀರು ಕಾಯಿಸುವುದೆಂದರೆ ನನಗೆ ಅವಮಾನ.

ಆಗ ನೀನು ಕೇಳಿದ್ದು ಒಂದೇ ಮಾತು. "ಬೆಳಿಗ್ಗಿ ಐದಕ್ಕ ನೀರ ಕಾದಿರ್ತದೇನ್ರಿ?" ನಾನು ಅದಕ್ಕೆ ಒಂದು ಗಂಟೆ ಭಾಷಣ ಮಾಡಿದೆ. ವ್ಯಾಟು, ಬ್ಯಾಟರಿ, ಇನ್ವರ್ಟರು, ಬಿಸಿಲಿನ ಲೆಕ್ಕ, ಎಲ್ಲ ಹೇಳಿದೆ. ಕಾದಿರುತ್ತದೆ, ಇಲ್ಲ ಎಂಬ ಎರಡರಲ್ಲಿ ಒಂದನ್ನು ಹೇಳಲಿಲ್ಲ. ನೀನು ಎದ್ದುಹೋಗಿ ರೊಟ್ಟಿ ಬಡಿಯಲು ಕುಳಿತೆ, ನಾನು ನಿನಗೆ ಅರ್ಥವಾಯಿತು ಎಂದುಕೊಂಡೆ. ಅದೇ ವಾರ ಬಚ್ಚಲೊಲೆಯನ್ನು ಒಡೆಸಿ ಆ ಜಾಗಕ್ಕೆ ಶಹಾಬಾದ್ ಫರಸಿ ಕಲ್ಲು ಹಾಕಿಸಿದೆ. ಹೊಗೆಯಿಲ್ಲ, ಮಸಿಯಿಲ್ಲ, ತೊಗರಿ ಕಟ್ಟಿಗೆಯ ಹೊರೆಯಿಲ್ಲ ಎಂದು ಬಂದವರಿಗೆಲ್ಲ ತೋರಿಸಿದೆ. ಮೈ ತೊಳೆಯದೆ ಅಡುಗೆಯ ಒಲೆ ಮುಟ್ಟುವವಳಲ್ಲ ನೀನು, ನಿನ್ನ ಅತ್ತೆಯೂ ಮುಟ್ಟುತ್ತಿರಲಿಲ್ಲ. ಬಚ್ಚಲೊಲೆಗೆ ಆ ಕಟ್ಟುಪಾಡಿರಲಿಲ್ಲ. ಎದ್ದವಳೇ ಅದನ್ನು ಹಚ್ಚಬಹುದಿತ್ತು. ಅದನ್ನು ನಾನು ಒಡೆಸಿದ ಮೇಲೆ, ಗ್ಯಾಸಿನ ಮೇಲೆ ಒಂದು ತಪೇಲಿ ನೀರು ಇಡಬೇಕಾದರೂ ನೀನು ಮೊದಲು ಸ್ನಾನ ಮಾಡಬೇಕು. ಸ್ನಾನಕ್ಕೆ ನೀರು ಬೇಕು. ಇಷ್ಟು ಸಣ್ಣ ಗಂಟು ಕರೆಂಟಿನವನ ತಲೆಗೆ ಹೊಳೆಯಲಿಲ್ಲ ನೋಡು.

ಹೊಳೆಯುವುದಾದರೂ ಹೇಗೆ? ರಾತ್ರಿಯ ಮೂರನೆಯ ಪಾಳಿ ನನಗೆ ಹೊಂದುತ್ತದೆಂದು ಬೇರೆಯವರ ಸರದಿಯನ್ನೂ ನಾನೇ ಕೇಳಿ ಪಡೆಯುತ್ತಿದ್ದೆ. ಬೆಳಿಗ್ಗೆ ಆರೂವರೆಗೆ ಬಂದು ನಿನ್ನ ಕೈಯ ಬಿಸಿ ರೊಟ್ಟಿ, ಪುಂಡಿಪಲ್ಯ ತಿಂದು ಮಲಗಿದರೆ ಏಳುವುದು ಹನ್ನೊಂದಕ್ಕೆ. ಆಗ ಗೀಸರ್ ಕುದಿಯುತ್ತಿರುತ್ತದೆ, ನಾನು ಹಾಡುತ್ತ ಸ್ನಾನ ಮಾಡುತ್ತೇನೆ. ಆ ರೊಟ್ಟಿ ಆರೂವರೆಗೆ ಬಿಸಿಯಾಗಿರಬೇಕಾದರೆ ನೀನು ಐದಕ್ಕೆ ಬಚ್ಚಲಿಗೆ ಹೋಗಿರಬೇಕೆಂದು ಒಂದು ದಿನವೂ ಯೋಚಿಸಲಿಲ್ಲ. ಸೋಲಾರ್ ಪ್ಲೇಟುಗಳ ಮೇಲೆ ಕೂರುವ ಸಿಮೆಂಟು ಧೂಳು ಇಬ್ಬನಿಗೆ ಗಟ್ಟಿಯಾಗುತ್ತದೆಂದು ಬೆಳಗಿನಲ್ಲೇ ಮಾಳಿಗೆಗೆ ಹತ್ತಿ ತಣ್ಣೀರಿನಲ್ಲಿ ಒರೆಸುತ್ತಿದ್ದವಳೂ ನೀನೇ.

ಈ ಜನವರಿಯಿಂದ ಹೊಸ ಸಾಹೇಬರು ಪಾಳಿ ಬದಲಾಯಿಸಿಕೊಳ್ಳುವುದನ್ನು ನಿಲ್ಲಿಸಿದರು. ನನಗೆ ಮೊದಲನೆಯ ಪಾಳಿ ಬಂತು, ಆರಕ್ಕೆ ಗೇಟಿನಲ್ಲಿರಬೇಕು. ಮೊದಲ ದಿನ ಐದಕ್ಕೆ ಬಚ್ಚಲಿಗೆ ಹೋಗಿ ಒಂದು ತಂಬಿಗೆ ಮೈಮೇಲೆ ಸುರಿದುಕೊಂಡೆ, ಬಸ್ಸಮ್ಮಾ, ಉಸಿರು ನಿಂತಂತಾಯಿತು. ಎರಡನೆಯ ತಂಬಿಗೆ ಎತ್ತಲು ಕೈ ಬರಲಿಲ್ಲ. ಎದುರಿಗೆ ನನ್ನದೇ ಕೈಬರಹದ ಚೀಟಿ. ಆ ಸಂಜೆ ಬಂದು ಗೀಸರಿನ ಪುಸ್ತಕ ತೆಗೆದೆ. ಅದಕ್ಕೆ ಬೇರೆ ಮೀಟರು ಕೂಡಿಸಿ ದಿನಾ ಯೂನಿಟ್ ಬರೆಯುವ ನನ್ನ ಹುಚ್ಚು ನಿನಗೆ ಗೊತ್ತಿದೆ. ನೀನು ಹೋದದ್ದು ನವೆಂಬರ್ ಕೊನೆಗೆ. ಡಿಸೆಂಬರ್ ಪೂರ್ತಿ ನಾನು ಮೂರನೆಯ ಪಾಳಿಯಲ್ಲೇ ಇದ್ದೆ, ಹನ್ನೊಂದಕ್ಕೇ ಸ್ನಾನ. ಇಬ್ಬರ ನೀರು ಒಬ್ಬನದಾದ ಮೇಲೆ ಯೂನಿಟ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬೇಕಿತ್ತು. ಇಳಿದಿಲ್ಲ. ನೀನಿದ್ದಾಗ ಎಷ್ಟೋ, ನೀನಿಲ್ಲದಾಗಲೂ ಅಷ್ಟೇ. ಹಿಂದಿನ ಪುಟಗಳನ್ನು ತಿರುವಿ ಹಾಕಿದೆ, ಎರಡು ಚಳಿಗಾಲವೂ ಹಾಗೇ ಇದೆ. ನಮ್ಮ ಮನೆಯಲ್ಲಿ ಬಿಸಿನೀರಿಗೆ ಎಷ್ಟು ಕಡಿಮೆ ಕರೆಂಟು ಹೋಗುತ್ತದೆಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಈ ಪುಸ್ತಕವನ್ನೇ ತೋರಿಸಿ ಹೊಗಳಿಸಿಕೊಂಡಿದ್ದೆ. ಅದು ನನ್ನ ಜಾಣತನವಲ್ಲ, ನಿನ್ನ ಮೈಮೇಲಿನ ತಣ್ಣೀರು. ನಾಚಿಕೆಯಾಯಿತು, ಅಳುವೂ ಬಂತು.

ಫರಹತಳ ಅಂಗಡಿಗೆ ಹೋಗಿ ತಪ್ಪೊಪ್ಪಿಕೊಂಡೆ. ಅವಳು ಹಂಗಿಸಲಿಲ್ಲ. "ಕಾಕಾ, ಕಾಕೀಗಿ ಮೊದಲು ಕೇಳಿದ್ರ ಮುಗೀತಿತ್ತು ನೋಡ್ರಿ" ಎಂದಳು ಅಷ್ಟೇ. ಗುರುವಾರ ಇನ್ನೂರು ಲೀಟರಿನ ಟ್ಯಾಂಕು, ಹೀಟ್ ಪಂಪು ಕೂಡಿಸಿ, ಸುಣ್ಣ ತಡೆಯುವ ಫಿಲ್ಟರನ್ನೂ ಹಾಕಿಕೊಟ್ಟಿದ್ದಾಳೆ. ಹಗಲು ಬಿಸಿಲಿನಲ್ಲಿ ಕಾಯಿಸಿ, ಮೂರು ದಿನ ಬೆಳಿಗ್ಗೆ ಐದಕ್ಕೆ ನಲ್ಲಿ ತಿರುವಿ ನೋಡಿದೆ. ಕೂಸಿಗೆ ಎರೆಯಬೇಕಾದರೆ ತಣ್ಣೀರು ಬೆರೆಸಲೇಬೇಕು, ಅಷ್ಟು ಬಿಸಿ. ಗೋಡೆಯ ಚೀಟಿಯನ್ನು ಕೆರೆದು ತೆಗೆದಿದ್ದೇನೆ, ಗೋಂದಿನ ಕಲೆ ಮಾತ್ರ ಹೋಗಲೊಲ್ಲದು. ಹಿತ್ತಲಲ್ಲಿ ಬಚ್ಚಲೊಲೆಯನ್ನೂ ಮತ್ತೆ ಕಟ್ಟಿಸಲೇ ಎಂದು ಒಮ್ಮೆ ಅನಿಸಿತು. ಈ ಸಲ ನಿನ್ನನ್ನು ಕೇಳದೆ ಒಂದು ಕಲ್ಲನ್ನೂ ಇಡುವುದಿಲ್ಲ. ಮೊಮ್ಮಗಳ ಮೊದಲ ಐದು ವಾರದ ಸ್ನಾನ ಬೀಗರ ಬಚ್ಚಲಿನಲ್ಲಿ ಆಗಿಹೋಯಿತು, ಅದನ್ನು ನಾನು ತಿರುಗಿ ತರಲಾರೆ. ಉಳಿದದ್ದನ್ನಾದರೂ ತವರಿನಲ್ಲಿ ಮಾಡೋಣ. ಬೀಗರು ಒಪ್ಪಿದ ದಿನ ತಿಳಿಸು, ರಜೆ ಹಾಕಿ ಗಾಡಿ ಮಾಡಿಕೊಂಡು ಬರುತ್ತೇನೆ. ಹಂಡೆಯನ್ನು ನಾನೇ ಹೊತ್ತು ತರುತ್ತೇನೆ.

ಬೀಗರಿಗೆ, ಅಳಿಯನಿಗೆ ನನ್ನ ನಮಸ್ಕಾರ ತಿಳಿಸು. ಸುಶ್ಮಿತಾಳಿಗೆ, ಕೂಸಿಗೆ ಈ ಅಜ್ಜನ ತುಂಬು ಆಶೀರ್ವಾದ. ನಿನಗೆ ಆಶೀರ್ವಾದ ಮಾಡುವ ಯೋಗ್ಯತೆ ನನಗಿಲ್ಲ, ಕ್ಷಮಿಸು ಎಂದಷ್ಟೇ ಬರೆಯುತ್ತೇನೆ.

ನಿನ್ನ,
ಅಂಬರಾಯ

ತಾ.ಕ.: ಸೋಮವಾರ ಸಂಜೆ, ಅಂಚೆಗೆ ಹಾಕುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ. ಹೋದ ವರ್ಷ ನಿನ್ನ ಬೆರಳು ತೋರಿಸಲು ಹೋದಾಗ ಡಾಕ್ಟರ್ ನಾಗರತ್ನಾ ನಿನ್ನನ್ನು "ತಣ್ಣೀರಿನ್ಯಾಗ ಜಳಕ ಮಾಡ್ತೀರೇನಮ್ಮ?" ಎಂದು ಕೇಳಿದ್ದರು. ನೀನು ಬಾಯಿ ತೆರೆಯುವ ಮೊದಲೇ ನಾನು "ನಮ್ಮ ಮನ್ಯಾಗ ಸೋಲಾರ್ ಅದರಿ ಮೇಡಂ, ಬಿಸಿನೀರಿಗೇನು ಕಮ್ಮಿ!" ಎಂದಿದ್ದೆ. ನೀನು ನನ್ನ ಮುಖ ನೋಡಿ ತಲೆ ತಗ್ಗಿಸಿದ್ದು ಈಗ ನೆನಪಾಗುತ್ತಿದೆ. ಇವತ್ತು ಪಾಳಿ ಮುಗಿಸಿ ಅವರ ಹತ್ತಿರ ಹೋಗಿ, ಅಂದು ಹೇಳಿದ್ದು ಸುಳ್ಳೆಂದು ಹೇಳಿ ಬಂದೆ. ಹೊಸ ಚೀಟಿ ಕೊಟ್ಟಿದ್ದಾರೆ, ಲಕೋಟೆಯಲ್ಲಿದೆ. ಅದರಲ್ಲಿ ಗುಳಿಗೆ ಒಂದೂ ಇಲ್ಲ. ತಣ್ಣೀರು ಮುಟ್ಟಬಾರದು, ಬೆಳಿಗ್ಗೆ ಸಂಜೆ ಬೆರಳುಗಳನ್ನು ಬಿಸಿನೀರಿನಲ್ಲಿ ಇಡಬೇಕು ಎಂದು ಬರೆದಿದ್ದಾರೆ. "ನಿಮ್ಮ ಮನಿಯವರು ಅವತ್ತೇ ಯಾಕ ಹೇಳಲಿಲ್ಲ್ರಿ?" ಎಂದು ಕೇಳಿದರು. ಪಕ್ಕದಲ್ಲಿ ನಾನು ಕುಳಿತಿದ್ದೆ ಎಂದೆ.