ಗುಂಡಿಯ ಮೇಲಿನ ಮರಗೆಣಸು

ನಾಪೊ ನದಿ ದಂಡೆಯಿಂದ

ಇಂಜಿನಿಯರ್ ವಿಯಾಸಿಸ್ ಅವರಿಗೆ ನಮಸ್ಕಾರ.

ನಿಮ್ಮ ಕಂಪನಿ ನಮ್ಮ ಹಿತ್ತಲಲ್ಲಿ ಬಿಟ್ಟುಹೋಗಿದ್ದ ಕಚ್ಚಾ ಎಣ್ಣೆಯ ಗುಂಡಿಗೆ ಮಣ್ಣು ಮುಚ್ಚಿ, ಬ್ಯಾಕ್ಟೀರಿಯಾ ಸುರಿದು, ಹುಲ್ಲು ಬೆಳೆಸಿದಿರಿ. "ಎಣ್ಣೆನೆಲ್ಲಾ ಅವೇ ತಿಂದ್ಬಿಟ್ವು, ಇನ್ನೇನ್ ಬೇಕಾದ್ರೂ ಬೆಳ್ಕೊಳ್ರಮ್ಮ" ಅಂದಿರಿ. ಹುಲ್ಲೇನೋ ಸೊಂಪಾಗಿದೆ. ನಮ್ಮ ಕೋಳಿಗಳು ಮಾತ್ರ ಅಲ್ಲಿ ಕಾಲಿಡುವುದಿಲ್ಲ.

ಅತ್ತೆ ನಿಮ್ಮನ್ನು ನಂಬಿ ಅಲ್ಲೇ ಮರಗೆಣಸು ನೆಟ್ಟರು. ಮೊನ್ನೆ ಚಿಚಾ ಪಾನೀಯಕ್ಕೆ ಅಗಿದು ಹುಳಿಯಿಡಲೆಂದು ಬೇಯಿಸಿದ ಗೆಣಸನ್ನು ಬಾಯಲ್ಲಿಟ್ಟವರೇ, "ಥೂ, ಲಾರಿ ನೆಕ್ಕಿದಂಗೈತಲ್ಲೇ!" ಎಂದು ಉಗಿದರು.

ಮಣ್ಣು ಶುದ್ಧವಾಗಿದೆ ಎಂಬ ಕಾಗದಕ್ಕೆ ನನ್ನ ಸಹಿ ಪಡೆಯಲು ಭಾನುವಾರ ಬರುತ್ತೀರಂತೆ. ಬನ್ನಿ. ಮನೆಗೆ ಬಂದವರು ಚಿಚಾ ಕುಡಿಯದೆ ನಮ್ಮಲ್ಲಿ ಮಾತೇ ಶುರುವಾಗುವುದಿಲ್ಲ. ಆ ಗೆಣಸಿನದನ್ನೇ ನಿಮಗೆಂದು ಇಟ್ಟಿದ್ದೇವೆ. ಹೋದ ಸಲದಂತೆ ನೀರಿನ ಬಾಟಲಿ ತರಬೇಡಿ.

ನಿಮ್ಮ ಬಟ್ಟಲು ಖಾಲಿಯಾದ ಮೇಲೆ ಸಹಿ ಹಾಕುತ್ತೇನೆ.

ಇಂತಿ,
ಬೆರ್ತಿಲ್ದಾ ಗ್ರೇಫಾ