ಆಕಾಶ ತೆಗೆದುಕೊಂಡ ದಿನ

ಅಪ್ಪಾ,

ಅಮ್ಮ ಹೊಲಿದ ಕೌದಿ ಇನ್ನೂ ನನ್ನ ತೊಡೆಯ ಮೇಲೇ ಇದೆ. ನಮ್ಮ ದ್ವೀಪದ ರೂಢಿಯಂತೆ ಅದನ್ನು ಹೊದಿಸಿಯೇ ನಿನ್ನನ್ನು ಮಣ್ಣು ಮಾಡಬೇಕಿತ್ತು.

ಆಕ್ಲೆಂಡಿನ ಆಸ್ಪತ್ರೆಯಲ್ಲಿ ನೀನು ಹೋದೆ ಎಂದು ಅಲ್ಲೇ ಇರುವ ನಿನ್ನ ತಂಗಿ, ತೆರೆಮೊಆನ ಅತ್ತೆ, ಫೋನ್ ಮಾಡಿದಳು. "ಮಣ್ಣು ಶನಿವಾರ ಬೆಳಿಗ್ಗೆ. ಕೌದಿ ತಗೊಂಡ್ ಬಾ ಮಗಳೇ." ನಮ್ಮ ರಾರೊಟೊಂಗಾ ದ್ವೀಪದಿಂದ ಅಲ್ಲಿಗೆ ಮೂರು ಸಾವಿರ ಕಿಲೋಮೀಟರು, ವಿಮಾನದಲ್ಲಿ ನಾಲ್ಕೇ ಗಂಟೆ. ಶುಕ್ರವಾರ ಮಧ್ಯಾಹ್ನದ ವಿಮಾನಕ್ಕೆ ಟಿಕೆಟ್ ಮಾಡಿಸಿದೆ. ಒಂದು ರಾತ್ರಿ ನಿನ್ನ ಪಕ್ಕ ಕೂರಬಹುದು ಅಂದುಕೊಂಡೆ.

ನೀನು ವರ್ಷಗಟ್ಟಲೆ ಚೀಲ ಹೊತ್ತ ಅದೇ ವಿಮಾನ ನಿಲ್ದಾಣದಲ್ಲಿ ಸಾಲಿನಲ್ಲಿ ನಿಂತಿದ್ದಾಗ ಅತ್ತೆಯ ಫೋನ್ ಬಂತು.

"ಎಲ್ಲಿದ್ದೀಯೇ? ಪೆಟ್ಟಿಗೆ ಇಳಿಸ್ತಿದ್ದಾರೆ. ಸ್ಮಶಾನದವ್ರು ಇನ್ನು ಕಾಯಲ್ವಂತೆ."

"ಇನ್ನೂ ಹೊರಟೇ ಇಲ್ಲ ಅತ್ತೆ. ಶನಿವಾರ ನಾಳೆ ತಾನೆ?"

"ಇಲ್ಲಿ ಇವತ್ತೇ ಶನಿವಾರ ಕಣೇ," ಅಂದಳು.

ಆಕ್ಲೆಂಡಿಗೆ ಹೊರಟ ಪ್ರತಿಯೊಬ್ಬರಿಗೂ ನೀನು ಅದೇ ಜಾಗದಲ್ಲಿ ನಿಂತು ತಮಾಷೆಯಾಗಿ ಹೇಳುತ್ತಿದ್ದೆ. "ಇಲ್ಲಿ ಶುಕ್ರವಾರ ಅಂದ್ರೆ ಅಲ್ಲಾಗ್ಲೇ ಶನಿವಾರ ಕಣ್ರಪ್ಪಾ, ನಡುಗಡಲಲ್ಲಿ ತಾರೀಕು ಬದಲಾಗೋ ಗೆರೆ ಇದೆ. ಹೋಗೋವಾಗ ಆಕಾಶ ಒಂದು ದಿನ ಸುಂಕ ಕಿತ್ಕೊಳ್ಳುತ್ತೆ, ಬರೋವಾಗ ವಾಪಸ್ ಕೊಡುತ್ತೆ." ಅದನ್ನು ಕೇಳುತ್ತಲೇ ಬೆಳೆದವಳು ನಾನು.

ಆದರೂ ವಿಮಾನ ಹತ್ತಿದೆ. ಸಂಜೆ ಅತ್ತೆ ಇಲ್ಲಿಗೆ ಕರೆದುಕೊಂಡು ಬಂದು ನಿನ್ನ ಸಮಾಧಿ ತೋರಿಸಿದಳು. ಮಣ್ಣು ಇನ್ನೂ ಹಸಿಯಾಗಿದೆ. ಕೌದಿಯನ್ನು ಮೇಲೆ ಹಾಸಲು ಹೋದೆ. "ಬೇಡ ಕಣೇ, ಗಾಳಿಗೆ ಹಾರುತ್ತೆ," ಅಂದಳು.

ನಾಳೆ ಭಾನುವಾರ ವಾಪಸು ಹೊರಡುತ್ತೇನೆ. ಊರಲ್ಲಿ ಇಳಿದಾಗ ಮತ್ತೆ ಶನಿವಾರವೇ ಆಗಿರುತ್ತದೆ. ನೀನು ಹೇಳಿದ ಹಾಗೇ ಆಕಾಶ ನನ್ನ ದಿನವನ್ನು ವಾಪಸ್ ಕೊಡುತ್ತದೆ.

ಈ ಕೌದಿ ಹಿಡಿದುಕೊಂಡು ಆ ಶನಿವಾರ ನಾನು ಎಲ್ಲಿಗೆ ಹೋಗಲಿ ಅಪ್ಪಾ?