ಜೀಪಿನ ವಿಂಚ್ ಬಿಚ್ಚಿ ಕೂಡಿಸಿದ ಬಗ್ಗೆ ಅದರ ಯಜಮಾನರಿಗೆ

ಏರುಕೇರಿ,
ಕಡಲೇರಿನ ನಂತರದ ತೊಂಬತ್ತೊಂದನೇ ವರ್ಷ, ಮಳೆ ಹಿಡಿಯಲು ಇನ್ನು ಹದಿನಾರು ದಿನ.

ಹೆಸರು ತಿಳಿಯದ ಜೀಪಿನ ಯಜಮಾನರಿಗೆ,

ಶೇವಂತಿ ತಾಂಡೇಲಳ ನಮಸ್ಕಾರ. ಮೇಲಿನ ತಾರೀಖು ನಿಮಗೆ ಅರ್ಥವಾಗಲಿಕ್ಕಿಲ್ಲ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ಇನ್ನೂರರ ಆಚೆ ಎಲ್ಲೋ ಬರುತ್ತದೆ. ನನ್ನ ಮಾತು ವಿಚಿತ್ರವೆನ್ನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀರು ಕುಡಿದು ಉಬ್ಬಿದ ನಾಲ್ಕು ಪುಸ್ತಕಗಳಿಂದ. ಕಡಲೇರು ಎಂದರೆ ಸಮುದ್ರ ಮೇಲೆ ಬಂದು ಕೆಳಗಿನ ಊರು, ಹೆದ್ದಾರಿ ಎಲ್ಲವನ್ನೂ ನುಂಗಿದ ಕಾಲ. ಆಗ ಗುಡ್ಡ ಹತ್ತಿದವರು ಕಟ್ಟಿಕೊಂಡದ್ದು ನಮ್ಮ ಏರುಕೇರಿ. ನೀವು ತೀರಿಕೊಂಡು ಬಹಳ ಕಾಲವಾಗಿರಬೇಕು. ತೀರಿಕೊಂಡವರಿಗೆ ಕಾಗದ ಬರೆಯುವುದು ಸರಿಯೋ ಅಲ್ಲವೋ, ಅದೂ ಗೊತ್ತಿಲ್ಲ.

ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ದೋಣಿಗಳನ್ನು ನೀರಿನಿಂದ ಗುಡ್ಡದ ಇಳಿಜಾರಿನ ಮೇಲಕ್ಕೆ ಎಳೆದಿಡಬೇಕು. ಇಲ್ಲದಿದ್ದರೆ ಮೊದಲ ಗಾಳಿಗೇ ಅವು ಬಂಡೆಗೆ ಬಡಿದು ಚೂರಾಗುತ್ತವೆ. ದೋಣಿ ಹೋದರೆ ನಾವು ತಿನ್ನುವುದು ಏನನ್ನು? ಮುಂಚೆ ಒಂದೊಂದು ದೋಣಿಗೆ ನಲವತ್ತು ಜನ ಹಗ್ಗ ಹಿಡಿಯುತ್ತಿದ್ದರಂತೆ. ಈಗ ಕೇರಿಯಲ್ಲಿ ಹಗ್ಗ ಹಿಡಿಯಬಲ್ಲವರು ಹದಿಮೂರು ಮಂದಿ. ಹೋದ ವರ್ಷ ಎರಡು ದೋಣಿ ಕಳೆದುಕೊಂಡೆವು. ಉಳಿದಿರುವುದು ಎರಡೇ.

ಹಾಗಿರುವಾಗ ನನ್ನ ಅಣ್ಣ ಪುರ್ಸು, ಕುಸಿದ ಒಂದು ಹಳೆಯ ಶೆಡ್ಡಿನಲ್ಲಿ ನಿಮ್ಮ ಜೀಪನ್ನು ಕಂಡ. ಜೀಪು ಬರೀ ತುಕ್ಕು. ಆದರೆ ಅದರ ಮೂತಿಗೆ, ದಪ್ಪ ತಾಡಪತ್ರಿಯ ಕೆಳಗೆ, ಹಗ್ಗ ಸುತ್ತಿ ಭಾರ ಎಳೆಯುವ ಈ ವಿಂಚ್ ಇತ್ತು. ಹೊನ್ನೆ ಎಣ್ಣೆ ಕಾಯಿಸಿ ಬೋಲ್ಟುಗಳಿಗೆ ಹನ್ನೊಂದು ದಿನ ಹನಿಸಿದ ಮೇಲೆ ಅವು ಸಡಿಲವಾದವು. ಕೆಂಪು ನೂಲಿನ ಹಗ್ಗದ ಹೊರಗಿನ ಸುತ್ತು ಮುಟ್ಟಿದರೆ ಪುಡಿ. ಒಳಗಿನ ಸುತ್ತುಗಳಲ್ಲಿ ಒಂದು ಉಜ್ಜಿದ ಗುರುತೂ ಇರಲಿಲ್ಲ. ಕೊಕ್ಕೆಯ ಬಾಯಲ್ಲಿ ಬಣ್ಣ ಹಾಗೇ ಇತ್ತು. ನಮಗೆ ಆಶ್ಚರ್ಯವಾಯಿತು. ಇಷ್ಟು ಬಲವನ್ನು ಮುಂದೆ ಕಟ್ಟಿಕೊಂಡು ನೀವು ಒಮ್ಮೆಯೂ ಏನನ್ನೂ ಎಳೆಯಲಿಲ್ಲವೇ?

ಮನೆಯ ಜಗಲಿಯಲ್ಲಿ ಚಾಪೆ ಹಾಸಿ, ಬಿಚ್ಚಿದ ಕ್ರಮದಲ್ಲೇ ಒಂದೊಂದು ಭಾಗವನ್ನು ಸಾಲಾಗಿ ಇಟ್ಟೆ. ಗ್ರೀಸು ಹಳೆಯ ಬೆಲ್ಲದ ಹಾಗೆ ಗಟ್ಟಿಯಾಗಿತ್ತು, ಕೆರೆದು ತೆಗೆದೆವು. ಹಲ್ಲಿನ ಚಕ್ರಗಳು ಚೆನ್ನಾಗಿದ್ದವು. ಮೋಟರಿನೊಳಗೆ ಕರೆಂಟು ಮುಟ್ಟಿಸುವ ಇದ್ದಿಲಿನ ತುಂಡುಗಳು ಬಿರುಕು ಬಿಟ್ಟಿದ್ದವು, ಅವುಗಳ ಬದಲು ಬೇರೆ ಹಳೆಯ ಮೋಟರಿನವನ್ನು ತೇಯ್ದು ಕೂರಿಸಿದೆ. ಬಿಸಿಲುಪೆಟ್ಟಿಗೆಗೆ, ಅಂದರೆ ಬಿಸಿಲನ್ನು ತುಂಬಿಡುವ ನಮ್ಮ ಬ್ಯಾಟರಿಗೆ, ಜೋಡಿಸಿದಾಗ ಮೋಟರು ತಿರುಗಿತು. ತಂತಿ ಅದಲುಬದಲು ಮಾಡಿದರೆ ಹಿಂದಕ್ಕೆ ತಿರುಗಬೇಕಲ್ಲ? ತಿರುಗಲಿಲ್ಲ, ಮತ್ತೆ ಅದೇ ಕಡೆಗೇ ತಿರುಗಿತು. ಪುರ್ಸು ನನ್ನ ಮುಖ ನೋಡಿ, "ಇದಕ್ಕೆ ನಿನ್ನದೇ ಹಟ," ಅಂದ. ಹಗ್ಗ ಬಿಚ್ಚಲು ಕೈಯಿಂದಲೇ ಎಳೆದುಕೊಂಡರಾಯಿತು, ಸುತ್ತಲು ಮೋಟರು ಸಾಕು ಎಂದು ಬಿಟ್ಟೆವು.

ನಾನು ಹೇಳಬೇಕಾದದ್ದು ಬ್ರೇಕಿನ ಬಗ್ಗೆ. ಹಗ್ಗ ಸುತ್ತುವ ಉರುಳೆಯ ಹೊಟ್ಟೆಯೊಳಗೆ ಒಂದು ಬ್ರೇಕು, ಅದಕ್ಕೊಂದು ಸ್ಪ್ರಿಂಗು. ಮೋಟರು ತಿರುಗಿಸುವ ಗುಂಡಿ ಬಿಟ್ಟ ಕೂಡಲೇ ಭಾರವನ್ನು ಹಿಡಿದು ನಿಲ್ಲಿಸುವುದು ಅದರ ಕೆಲಸ. ಅದನ್ನು ಬಿಚ್ಚಿದ ದಿನ ಸಂಜೆ ಇದ್ದಕ್ಕಿದ್ದಂತೆ ಮಳೆ ಹನಿಯಿತು. ನಾವಿಬ್ಬರೂ ಕೆಳಗೆ ಬಲೆಯ ಹತ್ತಿರ ಇದ್ದೆವು. ಸಾಮಾನು ಒದ್ದೆಯಾದೀತೆಂದು ನಮ್ಮ ಆಯಿ, ಅಂದರೆ ತಾಯಿ, ಚಾಪೆಯನ್ನು ನಾಲ್ಕೂ ಮೂಲೆ ಹಿಡಿದು ಎತ್ತಿ ಒಳಗೆ ತಂದಿಟ್ಟಳು; ಇಟ್ಟ ಸಾಲು ಕಲೆಸಿಹೋಯಿತು. ಮರುದಿನ ಆ ಸ್ಪ್ರಿಂಗನ್ನು ಕೈಯಲ್ಲಿ ಹಿಡಿದು ನಾನು ಅಣ್ಣನನ್ನು ಕೇಳಿದ್ದು ನೆನಪಿದೆ: "ಈ ಉದ್ದನೆಯ ತುದಿ ಮೋಟರಿನ ಕಡೆಗೋ ಆಚೆಗೋ?" ಅವನು ಏನೋ ಹೇಳಿದ. ಏನು ಹೇಳಿದ ಎಂಬುದು ನೆನಪಿಲ್ಲ.

ಕೂಡಿಸಿ, ಇಳಿಜಾರಿನ ಮೇಲ್ತುದಿಯಲ್ಲಿ ಬಿಗಿದು, ನಮ್ಮ ಬಲೆಹಗ್ಗ ಮೂರೆಳೆ ಹೊಸೆದು ಸುತ್ತಿ ನೋಡಿದೆವು. ಭಾರ ಕಟ್ಟಿ ನೋಡಲಿಲ್ಲ. ಹೋದ ಹುಣ್ಣಿಮೆಯ ಮರುದಿನ ಬೆಳಿಗ್ಗೆ ದೊಡ್ಡ ದೋಣಿಗೆ ಕೊಕ್ಕೆ ಹಾಕಿದೆವು. ಅದು ಮಗು ಅಂಬೆಗಾಲಿಟ್ಟ ಹಾಗೆ ಇಳಿಜಾರು ಹತ್ತಿತು. ಕೇರಿಯವರೆಲ್ಲ ಕೂಗುತ್ತಿದ್ದರು. ಅರ್ಧಕ್ಕೆ ಬಂದಾಗ ಅಣ್ಣ ಜಾರದಂತೆ ಅಡ್ಡಗಲ್ಲು ಕೊಡಲು ದೋಣಿಯ ಹಿಂದೆ ಬಗ್ಗಿ, "ಬಿಡು, ಬಿಡು, ಸಾಕು!" ಎಂದ. ನಾನು ಗುಂಡಿಯಿಂದ ಬೆರಳು ತೆಗೆದೆ. ಉರುಳೆ ನಿಲ್ಲಲಿಲ್ಲ.

ದೋಣಿ ಹಿಂದಕ್ಕೆ ಜಾರಿ, ಅವನ ಎಡಪಾದದ ಮೇಲೆ ಹಾಯ್ದು ನೀರಿಗೆ ಹೋಯಿತು. ಜೀವ ಉಳಿಯಿತು. ಮೂರು ಬೆರಳು ಉಳಿಯಲಿಲ್ಲ.

ಯಜಮಾನರೇ, ಆಮೇಲೆ ನಡೆದದ್ದು ನನಗೆ ಇನ್ನೂ ಬಿಡಿಸಲಾಗದ ಗಂಟು. ಮನೆಯಲ್ಲಿ ಬೈಗುಳ ಬಿದ್ದಿದ್ದರೆ ನಾನು ಸಹಿಸುತ್ತಿದ್ದೆ. ಆದರೆ ಅಣ್ಣ ಜ್ವರದಲ್ಲಿ ಮಲಗಿಕೊಂಡೇ, "ನಾನೇ, ತಂಗಿ, ಉಲ್ಟಾ ಹೇಳಿದ್ದು. ನೀನು ಸರಿಯಾಗೇ ಹಿಡಿದಿದ್ದೆ," ಎಂದ. ಒಲೆಯ ಮುಂದಿದ್ದ ಆಯಿ ತಿರುಗಿ ನೋಡದೆ, "ಚಾಪೆ ಮಡಚಿದವಳು ನಾನಲ್ಲವಾ. ಇಬ್ಬರೂ ಸುಮ್ಮನಿರಿ," ಎಂದಳು. ಕೂರಿಸಿದ್ದು ನನ್ನ ಕೈ, ಅದು ಖಂಡಿತ. ಅಣ್ಣ ನಿಜ ಹೇಳುತ್ತಿದ್ದಾನೋ, ನನ್ನನ್ನು ಸಮಾಧಾನ ಮಾಡುತ್ತಿದ್ದಾನೋ? ಆಯಿಗೆ ಸ್ಪ್ರಿಂಗು ಯಾವುದೆಂದೇ ಗೊತ್ತಿಲ್ಲ. ಮೂವರೂ ತಪ್ಪನ್ನು ನಮ್ಮ ನಮ್ಮ ಕಡೆಗೆ ಎಳೆಯುತ್ತಿದ್ದೆವು, ಯಾರೂ ಬಿಟ್ಟುಕೊಡಲಿಲ್ಲ.

ಇಪ್ಪತ್ತು ದಿನ ನಾನು ಆ ಯಂತ್ರದ ಹತ್ತಿರ ಸುಳಿಯಲಿಲ್ಲ. ಕೊನೆಗೆ ಅಣ್ಣನೇ ಕೋಲೂರಿಕೊಂಡು ಜಗಲಿಗೆ ಬಂದು ಚಾಪೆ ಹಾಸಿದ. "ದೋಣಿ ನೀರಲ್ಲೇ ಇದೆ. ನನ್ನ ಕಾಲು ನೋಡಿಕೊಂಡು ಗಾಳಿ ಕಾಯುವುದಿಲ್ಲ," ಎಂದ. ಮತ್ತೆ ಬಿಚ್ಚಿದೆವು. ಸ್ಪ್ರಿಂಗು ಉಲ್ಟಾ ಕೂತಿತ್ತು; ಅದನ್ನು ತಿರುಗಿಸಿ ಕೂರಿಸಿ, ಇಳಿಜಾರಿನಲ್ಲಿ ಯಾರನ್ನೂ ಬಿಡದೆ, ಚಿರೆಕಲ್ಲು ತುಂಬಿದ ಜಾರುಹಲಗೆ ಕಟ್ಟಿ ಎಳೆದೆವು. ಗುಂಡಿ ಬಿಟ್ಟೆ. ನಿಂತಿತು. ಹತ್ತು ಸಲ ನಿಂತಿತು. ಹನ್ನೊಂದನೇ ಸಲವೂ ನನಗೆ ನಂಬಿಕೆ ಬರಲಿಲ್ಲ.

ಇವತ್ತು ಬೆಳಿಗ್ಗೆ ಅದೇ ದೊಡ್ಡ ದೋಣಿಯನ್ನು ಎಳೆದೆವು; ಚಿಕ್ಕದು ನಾಳೆಗೆ. ಗುಂಡಿ ಅಣ್ಣನ ಕೈಯಲ್ಲಿ. ಹಿಂದೆ ಅಡ್ಡಗಲ್ಲು ಇಡುವ ಕೆಲಸ ನಾನೇ ಕೇಳಿ ಪಡೆದೆ. ಕಲ್ಲನ್ನು ಪಕ್ಕದಿಂದ, ಉದ್ದನೆಯ ಕೋಲಿನಿಂದ ತಳ್ಳಬೇಕು ಎಂದು ಅವನ ಕಟ್ಟಪ್ಪಣೆ. ಅರ್ಧದಾರಿಯಲ್ಲಿ ಅವನು ಕೂಗಿದ, "ಬಿಡಲಾ?" ನಾನು ಇಳಿಜಾರಿನ ಕೆಳಗೆ ಯಾರೂ ಇಲ್ಲವೆಂದು ಇನ್ನೊಮ್ಮೆ ನೋಡಿದೆ. ಅವನು ಕಾದ. ನಾನು ಹೂಂ ಅನ್ನುವವರೆಗೂ ಆ ಗುಂಡಿಯ ಮೇಲಿನ ಬೆರಳು ತೆಗೆಯಲಿಲ್ಲ. ಆಮೇಲೆ ತೆಗೆದ. ದೋಣಿ ಒಂದು ಗೇಣು ಹಿಂದೆ ಸರಿದು, ಕಿರುಗುಟ್ಟಿ, ನಿಂತಿತು.

ಈ ಕಾಗದವನ್ನು ಮೇಣದ ಬಟ್ಟೆಯಲ್ಲಿ ಸುತ್ತಿ ವಿಂಚಿನ ಪೆಟ್ಟಿಗೆಯಲ್ಲೇ ಇಡುತ್ತೇನೆ. ನಿಮಗೆ ತಲುಪದಿದ್ದರೆ ನಮ್ಮ ನಂತರ ಇದನ್ನು ಬಿಚ್ಚುವವರಿಗಾದರೂ ಸಿಗಲಿ. ಅವರಲ್ಲಿ ನನ್ನ ಕೋರಿಕೆ: ಸ್ಪ್ರಿಂಗಿನ ಉದ್ದನೆಯ ತುದಿ ಮೋಟರಿನ ಕಡೆಗೆ ಇರಲಿ, ಮತ್ತು ಮೊದಲು ಕಲ್ಲು ಎಳೆದು ನೋಡಿ. ಯಾರ ತಪ್ಪು ಎಂದು ಮಾತ್ರ ಹುಡುಕಬೇಡಿ. ನಾವು ಮೂವರೂ ಜೊತೆಗೇ ಉಣ್ಣುತ್ತಿದ್ದೇವೆ, ಆದರೂ ಅದು ನಮಗೇ ಗೊತ್ತಾಗಿಲ್ಲ.

ಇಂತಿ,
ಶೇವಂತಿ